ಬಾಡಿಗೆಗೆ ಕೊಡಲು ಮನೆ ಕೊಳ್ಳುವ ಮುನ್ನ ಲೆಕ್ಕವನ್ನು ಬಿಗಿಯಾಗಿ ಹಿಡಿಯಿರಿ

ನಿವೃತ್ತಿಯ ದುಡ್ಡು ಕೈಗೆ ಬಂದ ಕೂಡಲೇ ಹಾಸನದಲ್ಲಿ ಅನೇಕರು ಎರಡು ಪೋರ್ಷನ್ ಮನೆ ಹುಡುಕುತ್ತಾರೆ. ದಲ್ಲಾಳಿ ಹೇಳಿದ ಬಾಡಿಗೆಯನ್ನು ಹನ್ನೆರಡರಿಂದ ಗುಣಿಸಿ ಮುಂಗಡ ಕೊಟ್ಟುಬಿಡುತ್ತಾರೆ. ಎಡವುವುದು ಆ ಗುಣಾಕಾರದಲ್ಲೇ.

ಮೊದಲು ಅಸಲು ವೆಚ್ಚ. ಮನೆಯ ಬೆಲೆ 60 ಲಕ್ಷ ಎನ್ನೋಣ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಇದೂ, ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಶೇ 7.6ರಷ್ಟು ಹೋಗುತ್ತದೆ. ರಿಪೇರಿಗೆ ಒಂದೂವರೆ ಲಕ್ಷ ಇಡಿ. ಒಟ್ಟು 66 ಲಕ್ಷ.

ಎರಡನೆಯದು ಬಾಡಿಗೆ. ಇಲ್ಲಿ ಅವಸರ ಬೇಡ. ಎರಡೂ ಪೋರ್ಷನ್ ಸೇರಿ 18,000 ಬರುತ್ತದೆ ಎಂದು ದಲ್ಲಾಳಿ ಹೇಳಿದರೆ ಅದು ಮಾಲೀಕರು ಕೇಳುವ ಮೊತ್ತ, ಸಿಗುವ ಮೊತ್ತವಲ್ಲ. ಅದೇ ಬೀದಿಯ ಬಾಡಿಗೆದಾರರನ್ನೇ ವಿಚಾರಿಸಿ. ಮೂವರು ಮೂರು ಮೊತ್ತ ಹೇಳಿದರೆ ತೀರ ಕಡಿಮೆಯದನ್ನು ಬರೆದುಕೊಳ್ಳಿ, ಸರಾಸರಿ ತೆಗೆಯಬೇಡಿ. ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡುಗಳನ್ನು ಎಣಿಸಿ, ತಿಂಗಳು ಬಿಟ್ಟು ಮತ್ತೆ ಹೋಗಿ ನೋಡಿ. ಬಿಸಿಲಿಗೆ ಫೋನ್ ನಂಬರ್ ಮಾಸಿದ ಬೋರ್ಡು ಇನ್ನೂ ತೂಗುತ್ತಿದ್ದರೆ ಆ ಬೀದಿಯಲ್ಲಿ ಬೇಡಿಕೆ ಕಡಿಮೆ ಎಂದೇ ತಿಳಿಯಿರಿ.

ಮಾರುವವರಿಂದ ಹಿಂದಿನ ಹನ್ನೆರಡು ತಿಂಗಳ ವಿದ್ಯುತ್ ಬಿಲ್ ಕೇಳಿ ಪಡೆಯಿರಿ. ‘ಒಂದು ದಿನವೂ ಖಾಲಿ ಇರಲಿಲ್ಲ’ ಎಂದ ಮನೆಯಲ್ಲಿ ಎರಡು ತಿಂಗಳು ನಾಲ್ಕೈದು ಯೂನಿಟ್ ಮಾತ್ರ ಉರಿದಿದ್ದರೆ ಬಿಲ್ಲನ್ನೇ ನಂಬಿ. ಸಾಲಗಾಮೆ ರಸ್ತೆಯಂಥ ಕಡೆ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ನೆಚ್ಚಿಕೊಂಡ ಮನೆಗೆ ಹತ್ತು ತಿಂಗಳಿಗಿಂತ ಹೆಚ್ಚು ಬಾಡಿಗೆ ಹಿಡಿಯಲೇಬಾರದು. ನಾನಾದರೆ ಎಲ್ಲ ಮನೆಗೂ ಹತ್ತೇ ತಿಂಗಳು ಹಿಡಿಯುತ್ತೇನೆ. ಮೊದಲ ಮೂರು ವರ್ಷ ಬಾಡಿಗೆ ಏರಿಕೆ ಸೊನ್ನೆ.

ಅಡ್ವಾನ್ಸ್ ಆಗಲಿ, ಭೋಗ್ಯದ ಹಣವಾಗಲಿ ಆದಾಯವಲ್ಲ, ಹಿಂದಿರುಗಿಸಬೇಕಾದ ಸಾಲ. ಮೊಬೈಲ್‌ನಲ್ಲಿ ಸಿಗುವ ಬಾಡಿಗೆ ಕ್ಯಾಲ್ಕುಲೇಟರ್‌ಗಳಲ್ಲಿ ಖಾಲಿ ತಿಂಗಳನ್ನು ತುಂಬಲು ಜಾಗವೇ ಇಲ್ಲದಿದ್ದರೆ ಅವನ್ನು ಮುಟ್ಟಬೇಡಿ. ಕಾಗದ, ಪೆನ್ನು ಸಾಕು.

ಬೀದಿಯಲ್ಲಿ ತಿಳಿದ ಬಾಡಿಗೆ 16,000 ಎಂದಾದರೆ ಹತ್ತು ತಿಂಗಳಿಗೆ 1,60,000. ಇದರಲ್ಲಿ ಮಳೆಗಾಲದ ಸೋರಿಕೆ, ಬಣ್ಣಕ್ಕೆ 16,000, ಆಸ್ತಿ ತೆರಿಗೆ, ನೀರು, ದಲ್ಲಾಳಿಗೆ 14,000 ಕಳೆಯಿರಿ. ಉಳಿಯುವುದು 1,30,000, 66 ಲಕ್ಷಕ್ಕೆ ಶೇ 2ಕ್ಕಿಂತ ತುಸು ಕಡಿಮೆ. 18,000ವನ್ನು ಹನ್ನೆರಡರಿಂದ ಗುಣಿಸಿ ಬರೀ 60 ಲಕ್ಷಕ್ಕೆ ಹೋಲಿಸುವ ದಲ್ಲಾಳಿಯ ಲೆಕ್ಕದಲ್ಲಿ ಇದೇ ಮನೆ ಶೇ 3.6 ಕೊಡುತ್ತಿತ್ತು.

ಸಾಲ ಮಾಡುವವರು ಬಡ್ಡಿಯನ್ನು ಇಂದಿನದಕ್ಕಿಂತ ಶೇ 1 ಹೆಚ್ಚು ಹಿಡಿಯಬೇಕು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಸಾಲದ ಬಡ್ಡಿ) ಶೇ 4ರಿಂದ 6.5ಕ್ಕೆ ಏರಿತ್ತು. 20 ವರ್ಷಕ್ಕೆ ಪಡೆದ 40 ಲಕ್ಷ ಸಾಲದ ಬಡ್ಡಿ ಶೇ 8.5ರಿಂದ 9.5ಕ್ಕೆ ಹೋದರೆ ಕಂತು ತಿಂಗಳಿಗೆ ಸುಮಾರು 2,500 ರೂಪಾಯಿ ಹೆಚ್ಚುತ್ತದೆ.

ಕೊನೆಗೆ ಲೆಕ್ಕವನ್ನು ತಿರುಗಿಸಿ. ನಿಮಗೆ ಕನಿಷ್ಠ ಶೇ 3 ಬರಲೇಬೇಕು ಎಂದಾದರೆ, 1,30,000 ಉಳಿಸುವ ಮನೆಗೆ ಎಲ್ಲ ಖರ್ಚು ಸೇರಿ 43 ಲಕ್ಷ ಮೀರಬಾರದು. ಅದಕ್ಕೆ ಹೊಂದುವ ಬೆಲೆಯನ್ನೇ ಮಾಲೀಕರ ಮುಂದಿಡಿ. ಒಪ್ಪದಿದ್ದರೆ ಮುಂದಿನ ಮನೆ ನೋಡಿ.