ಉದ್ರಿಯಲ್ಲ, ತಿಂಗಳ ಲೆಕ್ಕ

ಮುಂಬೈಯ ಮಾಟುಂಗಾದ ಉಡುಪಿ ಹೋಟೆಲೊಂದಕ್ಕೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡಲು ಒಪ್ಪಿಕೊಂಡಾಗ ನಲವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಿದ್ದೆ. ಮಾಲೀಕರು ಕಾಫಿ ತರಿಸಿ, ಮುಕ್ಕಾಲು ಗಂಟೆಯಲ್ಲಿ ಎಲ್ಲಕ್ಕೂ ಉತ್ತರ ಕೊಟ್ಟರು. ‘ಉದ್ರಿ ಕೊಡುತ್ತೀರಾ?’ ಎಂದಿದ್ದಕ್ಕೆ ‘ಇಲ್ಲವೇ ಇಲ್ಲ’ ಎಂದರು. ಗೋಡೆಯ ಮೇಲೂ ಹಾಗೆಯೇ ಬರೆದಿತ್ತು. ತಂತ್ರಾಂಶ ಏನೇನು ಮಾಡಬೇಕೆಂಬ ರಿಕ್ವೈರ್‌ಮೆಂಟ್ ದಾಖಲೆ ಬರೆದು ಅವರ ಸಹಿಯನ್ನೂ ಪಡೆದೆ.

ತಂತ್ರಾಂಶ ಹಾಕಿದ ಮೂರನೇ ದಿನಕ್ಕೇ ಲೆಕ್ಕ ತಾಳೆಯಾಗಲಿಲ್ಲ. ಪರದೆಯ ಮೊತ್ತಕ್ಕಿಂತ ಗಲ್ಲಾದಲ್ಲಿ ಹಣ ಕಡಿಮೆ. ತಪ್ಪು ನನ್ನದೇ ಎಂದು ಎಲ್ಲರೂ ತೀರ್ಮಾನಿಸಿದರು, ನಾನೂ ಸೇರಿ.

ಮರುದಿನ ಬೆಳಗ್ಗೆ ಏಳಕ್ಕೆ ಹೋಗಿ ಗಲ್ಲಾದ ಪಕ್ಕ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕುಳಿತೆ. ಎಂಟೂವರೆಗೆ ಎದುರಿನ ಬಟ್ಟೆ ಅಂಗಡಿಯ ಹುಡುಗ ಆರು ಚಹಾ, ನಾಲ್ಕು ಇಡ್ಲಿ-ವಡೆ ಕಟ್ಟಿಸಿಕೊಂಡು ಹಣ ಕೊಡದೆ ಹೊರಟ. ಗಲ್ಲಾದಲ್ಲಿದ್ದ ಹಿರಿಯರು ಬಿಲ್ ಒತ್ತಿ, ಡ್ರಾಯರಿನಿಂದ ಎಣ್ಣೆ ಹಿಡಿದ ಉದ್ದನೆಯ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ ಗೀಚಿದರು.

‘ಇದು ಉದ್ರಿಯಲ್ಲವೇ?’

‘ಉದ್ರಿ ಎಲ್ಲಿಯದು ಮಾರಾಯರೇ, ಇದು ತಿಂಗಳ ಲೆಕ್ಕ.’

ಅವರ ಪಾಲಿಗೆ ಉದ್ರಿ ಎಂದರೆ ಕೇಳಿ ಕೇಳಿ ಸಾಕಾಗುವ ಹಣ. ತಿಂಗಳ ಲೆಕ್ಕ ಐದನೇ ತಾರೀಖಿಗೆ ತಾನಾಗಿ ಬರುವುದು. ಮಾಲೀಕರು ಸುಳ್ಳು ಹೇಳಿರಲಿಲ್ಲ, ನಾನು ಬಳಸಿದ ಪದ ತಪ್ಪಾಗಿತ್ತು.

ಪುಸ್ತಕದಲ್ಲಿ ಹದಿನಾಲ್ಕು ಅಂಗಡಿಗಳಿದ್ದವು. ಅಂಚಿನಲ್ಲಿ ‘ಅ’ ಎಂದಿದ್ದರೆ ಅರ್ಧ ತಿಂಗಳಿಗೊಮ್ಮೆ ಕೊಡುವವರು, ಸೊನ್ನೆ ಇದ್ದರೆ ಸಿಬ್ಬಂದಿಯ ಊಟ. ಸಹಿ ಮಾಡಿಸಿದ ನನ್ನ ದಾಖಲೆಗಿಂತ ಆ ಅಂಚಿನಲ್ಲಿ ಹೆಚ್ಚು ವಿಷಯವಿತ್ತು. ಇದು ಜಿಎಸ್‌ಟಿಗೂ ತಗಲುವ ಮಾತು. 2017ರ ನವೆಂಬರ್ 15ರಿಂದ ಇಂಥ ಹೋಟೆಲುಗಳಿಗೆ ಶೇ. 5 ತೆರಿಗೆ, ಬಿಲ್ ಆದ ಮೇಲೆ ಹಣ ಕೈಗೆ ಬರದಿದ್ದರೂ ಆ ಮಾರಾಟ ತೆರಿಗೆಯ ಲೆಕ್ಕಕ್ಕೆ ಸೇರಬೇಕು. ಹಾಗಾಗಿ ಮಾರಾಟಕ್ಕೂ ವಸೂಲಿಗೂ ಬೇರೆ ಬೇರೆ ಕೋಷ್ಟಕ ಮಾಡಿದೆ.

ಅದೇ ಸ್ಟೂಲಿನ ಮೇಲೆ ಇನ್ನೊಂದು ತಪ್ಪೂ ಸಿಕ್ಕಿತು. ‘ಬಿಲ್ ಬೇಗ ಬರಬೇಕು’ ಎಂಬ ಮಾಲೀಕರ ಮಾತನ್ನು ಹಾಗೆಯೇ ಬರೆದುಕೊಂಡಿದ್ದೆ. ಬೇಗ ಎಂದರೆ ಎಷ್ಟು? ಮೊಬೈಲಿನಲ್ಲಿ ಸಮಯ ನೋಡಿದೆ: ಹಿರಿಯರು ಕೈಯಲ್ಲಿ ಬರೆದರೆ ಎಂಟು ಸೆಕೆಂಡು, ನನ್ನ ಪರದೆಯಲ್ಲಿ ಹನ್ನೊಂದು. ದಾಖಲೆಯಲ್ಲಿ ‘ಎಂಟು ಸೆಕೆಂಡಿನೊಳಗೆ’ ಎಂದು ತಿದ್ದಿದೆ. ಚಹಾ, ಇಡ್ಲಿ, ಮಸಾಲೆ ದೋಸೆಗೆ ಒಂದೊಂದು ಗುಂಡಿ ಕೊಟ್ಟ ಮೇಲೆ ಅದು ಐದಕ್ಕೆ ಇಳಿಯಿತು.

ಹಿರಿಯರು ಮಾತ್ರ ಪೆನ್ಸಿಲ್ ಬಿಡಲಿಲ್ಲ. ಎರಡೆರಡು ಕಡೆ ಯಾಕೆ ಬರೆಯುತ್ತೀರಿ ಎಂದು ಕೇಳಿದೆ. ‘ಕರೆಂಟ್ ಹೋದರೆ?’ ಎಂದರು. ಆ ಸಾಲನ್ನೂ ದಾಖಲೆಗೆ ಸೇರಿಸಿದೆ, ಯುಪಿಎಸ್ ಖರ್ಚಿನ ಸಮೇತ.