ಪಿಸ್ಟನ್ ತಂಪಾಗಿಸುವ ಆಯಿಲ್ ಜೆಟ್: ಬ್ಲಾಕಿಗೆ ಅಳವಡಿಸುವ ಕ್ರಮ

ಪಿಸ್ಟನ್ ತಲೆಯ ಒಳಬದಿಗೆ ಎಣ್ಣೆ ಚಿಮ್ಮಿಸುವ ಜೆಟ್ ಹಾಕುವುದೆಂದರೆ, ಮೊದಲೇ ಲೆಕ್ಕ ಹಾಕಿ ಎಳೆದ ಪೈಪ್‌ಲೈನಿಗೆ ಇನ್ನೂ ನಾಲ್ಕು ನಲ್ಲಿ ಸೇರಿಸಿದ ಹಾಗೆ. ನಲ್ಲಿ ಕೂರಿಸುವುದು ಕಷ್ಟವಲ್ಲ. ಅವು ತೆರೆದಾಗ ಬೇರಿಂಗುಗಳಿಗೆ ಎಣ್ಣೆ ಉಳಿಯುತ್ತದೆಯೇ, ಚಿಮ್ಮಿದ್ದು ಬೀಳಬೇಕಾದ ಕಡೆ ಬೀಳುತ್ತದೆಯೇ ಎಂದು ನೋಡುವುದರಲ್ಲೇ ಹೆಚ್ಚಿನ ಸಮಯ ಹೋಗುತ್ತದೆ.

ಇದು ಎಲ್ಲ ಎಂಜಿನ್ನಿಗೂ ಬೇಕಿಲ್ಲ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಇದ್ದು, ಟ್ರ್ಯಾಕಿನಲ್ಲಿ ನಿಮಿಷಗಟ್ಟಲೆ ಫುಲ್ ಥ್ರಾಟಲ್ ಓಡುವ ಎಂಜಿನ್ನಿಗೆ ನಿಜಕ್ಕೂ ಲಾಭವಿದೆ. ಪಿಸ್ಟನ್ನಿನ ಅಲ್ಯೂಮಿನಿಯಂ ಬಿಸಿ ಏರಿದಷ್ಟೂ ಮೆತ್ತಗಾಗುತ್ತದೆ. 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಆ ಇಳಿತ ಜೋರು. ತಲೆ ತಂಪಾಗಿದ್ದರೆ ನಾಕಿಂಗ್ (ಇಂಧನ ತಾನಾಗಿಯೇ ಸಿಡಿದು ಬಡಿಯುವುದು) ಕೂಡ ತಡವಾಗಿ ಬರುತ್ತದೆ. ಹತ್ತು ಸೆಕೆಂಡಿನಲ್ಲಿ ಮುಗಿಯುವ ಡ್ರ್ಯಾಗ್ ಓಟಕ್ಕೆ ಮಾತ್ರ ಇಷ್ಟೆಲ್ಲ ಮಾಡುವುದು ದಂಡ.

ಡ್ರಿಲ್ ಹಿಡಿಯುವ ಮೊದಲು ನಿಮ್ಮ ಬ್ಲಾಕಿನದೇ ಟರ್ಬೊ ಆವೃತ್ತಿ ಇದೆಯೇ ನೋಡಿ. ಟೊಯೋಟಾದ 2ಜೆಝಡ್-ಜಿಟಿಇ ಎಂಜಿನ್ನಿಗೆ ಜೆಟ್‌ಗಳು ಕಾರ್ಖಾನೆಯಿಂದಲೇ ಬಂದಿವೆ. ಇಂಥ ಎಂಜಿನ್ ಕುಟುಂಬಗಳಲ್ಲಿ ಟರ್ಬೊ ಇಲ್ಲದ ಬ್ಲಾಕಿನಲ್ಲೂ ಜೆಟ್ ಕೂರುವ ದಿಮ್ಮಿ ಎರಕದಲ್ಲೇ ಇದ್ದು, ತೂತು ಮಾತ್ರ ಹೊಡೆಯದೆ ಬಿಟ್ಟಿರಬಹುದು. ಹಾಗಿದ್ದರೆ ಅರ್ಧ ಕೆಲಸ ಮುಗಿದಂತೆ.

ಯಾವ ಬಗೆಯ ಜೆಟ್

ಒಂದು ಬಗೆ, ಕ್ರ್ಯಾಂಕ್ ಕೂರುವ ಮೇನ್ ಬೇರಿಂಗ್ ಸ್ಯಾಡಲ್‌ನಿಂದ ಓರೆಯಾಗಿ ತೂತು ಹೊಡೆದು ಒತ್ತಿ ಕೂರಿಸುವ ಪುಟ್ಟ ನಾಜಲ್. ಹೊರಗೆ ಚಾಚಿಕೊಳ್ಳುವ ಕೊಳವೆ ಇಲ್ಲದ ಕಾರಣ ಏನಕ್ಕೂ ತಗಲುವುದಿಲ್ಲ. ಆದರೆ ಅದು ಎಣ್ಣೆ ಕದಿಯುವುದು ನೇರ ಬೇರಿಂಗಿನ ಪಾಲಿನಿಂದ. ಇನ್ನೊಂದು, ಮೇನ್ ಗ್ಯಾಲರಿಗೆ (ಬ್ಲಾಕಿನೊಳಗಿನ ಮುಖ್ಯ ಎಣ್ಣೆ ದಾರಿ) ಬ್ಯಾಂಜೊ ಎಂಬ ಟೊಳ್ಳು ಬೋಲ್ಟಿನಿಂದ ಬಿಗಿಯುವ, ಬಾಗಿದ ಕೊಳವೆಯ ಜೆಟ್. ಒತ್ತಡ ಸಾಕಷ್ಟು ಏರಿದಾಗ ಮಾತ್ರ ತೆರೆಯುವ ಚೆಕ್ ವಾಲ್ವ್ ಬೋಲ್ಟಿನೊಳಗೇ ಇರುತ್ತದೆ. ಜಾಗ ಇದ್ದರೆ ಎರಡನೆಯದೇ ಸರಿ. ಮುಂದಿನದೆಲ್ಲ ಅದರ ಬಗ್ಗೆ.

ಚೆಕ್ ವಾಲ್ವ್ ಸುಮಾರು 1.5ರಿಂದ 2 ಬಾರ್ ಒತ್ತಡಕ್ಕೆ ತೆರೆಯುವಂಥದ್ದಿರಲಿ. ಕಾದ ಎಂಜಿನ್ ಐಡಲ್‌ನಲ್ಲಿ 1 ಬಾರ್ ಆಸುಪಾಸು ಇರುವಾಗ ಅದು ಮುಚ್ಚಿಯೇ ಇರಬೇಕು.

ಎಣ್ಣೆಯ ಲೆಕ್ಕ

4 ಬಾರ್ ಒತ್ತಡದಲ್ಲಿ 1.2 ಮಿ.ಮೀ. ತೂತಿನಿಂದ ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ಬಿಸಿ ಎಣ್ಣೆ ಹೊರಬರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಾದರೆ ನಾಲ್ಕು ಜೆಟ್‌ಗೆ 6 ಲೀಟರ್. ತೂತು 1.5 ಮಿ.ಮೀ. ಆಯಿತೆನ್ನಿ, ಅದೇ ಲೆಕ್ಕ 9 ಲೀಟರ್ ದಾಟುತ್ತದೆ. ‘ಸ್ವಲ್ಪ ದೊಡ್ಡದಿರಲಿ’ ಎನ್ನುವ ಆಸೆಗೆ ಬೆಲೆ ತೆರುವುದು ಬೇರಿಂಗುಗಳು.

ಪಂಪಿನಲ್ಲಿ ಮಿಗತೆ ಇದೆಯೇ ಎಂದು ತಿಳಿಯಲು, ಕೆಲಸಕ್ಕೆ ಮುಂಚೆ ಎಂಜಿನ್ ಚೆನ್ನಾಗಿ ಕಾದಾಗ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿ. ಆರ್‌ಪಿಎಂ ಏರಿಸಿದಂತೆ ಒತ್ತಡ ಒಂದು ಹಂತದಲ್ಲಿ ನಿಂತುಬಿಟ್ಟರೆ ರಿಲೀಫ್ ವಾಲ್ವ್ ಹೆಚ್ಚಾದ ಎಣ್ಣೆ ಹೊರಬಿಡುತ್ತಿದೆ, ಅಂದರೆ ಮಿಗತೆ ಇದೆ. ಕೊನೆಯವರೆಗೂ ಏರುತ್ತಲೇ ಇದ್ದರೆ ಇಲ್ಲ. ಆಗ ರಿಲೀಫ್ ವಾಲ್ವಿಗೆ ಬಿಗಿ ಸ್ಪ್ರಿಂಗ್ ಹಾಕುವವರಿದ್ದಾರೆ. ಮುಚ್ಚಿರುವ ವಾಲ್ವನ್ನು ಇನ್ನೂ ಬಿಗಿಯಾಗಿ ಮುಚ್ಚಿದರೆ ಎಣ್ಣೆ ಎಲ್ಲಿಂದ ಬರಬೇಕು? ಅಗಲದ ಗೇರ್ ಇರುವ ಪಂಪೇ ಬೇಕು. ಜೆಟ್ ತೆರೆದಿರುವಾಗಲೂ ಪ್ರತಿ 1000 ಆರ್‌ಪಿಎಂಗೆ 0.7 ಬಾರ್ ಉಳಿಯಬೇಕೆಂಬುದು ಹಳೆಯ ಅಳತೆ, ಈಗಲೂ ನಡೆಯುತ್ತದೆ.

ಜಾಗ ಹುಡುಕಿ ತೂತು ಹೊಡೆಯುವುದು

ಖಾಲಿ ಬ್ಲಾಕಿಗೆ ಕ್ರ್ಯಾಂಕ್, ಒಂದು ಕನೆಕ್ಟಿಂಗ್ ರಾಡ್, ರಿಂಗ್ ಇಲ್ಲದ ಪಿಸ್ಟನ್ ಹಾಕಿ ಕೈಯಲ್ಲಿ ನಿಧಾನ ತಿರುಗಿಸಿ. ತಿರುಗಿಸುವ ಮುಂಚೆ ಜೆಟ್ಟಿನ ಮೇಲೆ ಜೇಡಿಮಣ್ಣಿನಂಥ ಮೆತ್ತನೆ ಕ್ಲೇ ಅಂಟಿಸಿರಿ. ಕ್ರ್ಯಾಂಕಿನ ಕೌಂಟರ್‌ವೇಟ್ (ಸಮತೋಲನದ ತೂಕ), ರಾಡ್ ಬೋಲ್ಟಿನ ತಲೆ, ಪಿಸ್ಟನ್ ತಳದಲ್ಲಿದ್ದಾಗ ಅದರ ಸ್ಕರ್ಟ್ (ಪಿಸ್ಟನ್ನಿನ ಕೆಳಗಿನ ಗೋಡೆ), ಈ ಮೂರು ಕಡೆ ಉಳಿದ ಕ್ಲೇ ದಪ್ಪ 2 ಮಿ.ಮೀ. ಇದ್ದರೆ ನೆಮ್ಮದಿ. ಪಿಸ್ಟನ್ ಓಡುವ ದೂರವನ್ನು (ಸ್ಟ್ರೋಕ್) ಹೆಚ್ಚಿಸುವ ಸ್ಟ್ರೋಕರ್ ಕ್ರ್ಯಾಂಕ್ ಹಾಕಿದ ಎಂಜಿನ್ನಿನಲ್ಲಿ ಬಹಳ ಸಲ ಇಲ್ಲೇ ಯೋಜನೆ ಬಿದ್ದುಹೋಗುತ್ತದೆ. ಸ್ಕರ್ಟ್ ಕೊರೆಯಬೇಕು, ಇಲ್ಲವೇ ಜೆಟ್ ಆಸೆ ಬಿಡಬೇಕು.

ಗ್ಯಾಲರಿಯ ಗೋಡೆ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಿಂದ ಅಳೆಯಿರಿ. ಮೊದಲು ಬೋಲ್ಟ್ ಕೂರುವ ಮುಖವನ್ನು ಸಮತಟ್ಟು ಮಾಡಿ, ಆಮೇಲೆ ತೂತು. ಎಂ8×1.0 ಥ್ರೆಡ್‌ಗೆ 7.0 ಮಿ.ಮೀ. ಬಿಟ್. ಮಿಲ್ಲಿಂಗ್ ಮಷಿನ್ನಿನಲ್ಲೇ ಮಾಡಿಸಿ. ಕೈ ಡ್ರಿಲ್ಲಿನ ಓರೆ ತೂತಿನಲ್ಲಿ ಮುಖ ಸರಿಯಾಗಿ ಕೂರದೆ ಎಣ್ಣೆ ಸೋರುತ್ತದೆ. ಕೊಳವೆ ತಿರುಗದಂತೆ ಪಕ್ಕದಲ್ಲಿ ಪುಟ್ಟ ಪಿನ್ ಕೂರಿಸಿರಿ. ಬ್ಯಾಂಜೊ ಬೋಲ್ಟ್ ಟೊಳ್ಳು, ತಯಾರಕರು ಕೊಟ್ಟ ಟಾರ್ಕ್ ಮೀರಿದರೆ ಕತ್ತು ಮುರಿಯುತ್ತದೆ.

ತೂತು ಹೊಡೆದ ಚೂರೆಲ್ಲ ಗ್ಯಾಲರಿಯೊಳಗೇ ಬಿದ್ದಿರುತ್ತದೆ. ಗ್ಯಾಲರಿಯ ಎಲ್ಲ ಪ್ಲಗ್ ಬಿಚ್ಚಿ, ಉದ್ದನೆ ಬ್ರಷ್ ತೂರಿಸಿ, ಬಿಸಿ ಸೋಪಿನ ನೀರಲ್ಲಿ ತಿಕ್ಕಿ, ಗಾಳಿ ಹೊಡೆಯಿರಿ. ಬಿಳಿ ಬಟ್ಟೆ ತೂರಿಸಿ ತೆಗೆದಾಗ ಬಿಳಿಯಾಗಿಯೇ ಬರುವ ತನಕ ಬಿಡಬೇಡಿ. ಸಿಲಿಂಡರ್ ಕೊರೆಯುವ ಬೋರಿಂಗ್, ಉಜ್ಜಿ ಹದ ಮಾಡುವ ಹೋನಿಂಗ್ ಎಲ್ಲ ಇದಕ್ಕೆ ಮುಂಚೆಯೇ ಮುಗಿದಿರಲಿ.

ಗುರಿ

ನಾಜಲ್ ತೂತಿಗೆ ಸರಿಹೊಂದುವ ನೆಟ್ಟನೆ ತಂತಿ ತೂರಿಸಿ, ಅದರ ತುದಿ ಪಿಸ್ಟನ್ನಿನ ಒಳಬದಿಯಲ್ಲಿ ಎಲ್ಲಿ ಮುಟ್ಟುತ್ತದೆ ನೋಡಿ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ನಿಗಾಗಲಿ ರಾಡಿಗಾಗಲಿ ಬಡಿಯಬಾರದು. ಎಗ್ಸಾಸ್ಟ್ ವಾಲ್ವ್ ಕಡೆಯ ಅರ್ಧಕ್ಕೆ ಬಿದ್ದರೆ ಒಳ್ಳೆಯದು. ಪಿಸ್ಟನ್ ತಳದಲ್ಲಿದ್ದಾಗಲೂ ಮೇಲಿದ್ದಾಗಲೂ ಪರೀಕ್ಷಿಸಿ. ಜೆಟ್ 5 ಡಿಗ್ರಿ ವಾಲಿದ್ದರೆ, 86 ಮಿ.ಮೀ. ಸ್ಟ್ರೋಕಿನಲ್ಲಿ ಎಣ್ಣೆ ಬೀಳುವ ಜಾಗ 7.5 ಮಿ.ಮೀ. ಸರಿಯುತ್ತದೆ.

ಇಲ್ಲೊಂದು ಸ್ವಾರಸ್ಯ. 4 ಬಾರ್‌ನಲ್ಲಿ ಎಣ್ಣೆ ಹೊರಡುವ ವೇಗ ಸೆಕೆಂಡಿಗೆ ಸುಮಾರು 30 ಮೀಟರ್. ಅದೇ 86 ಮಿ.ಮೀ. ಸ್ಟ್ರೋಕಿನ ಪಿಸ್ಟನ್ 7000 ಆರ್‌ಪಿಎಂನಲ್ಲಿ ನಡುದಾರಿಯಲ್ಲಿ ಮೇಲಕ್ಕೋಡುವ ವೇಗವೂ ಅಷ್ಟೇ. ಆ ಗಳಿಗೆಯಲ್ಲಿ ಎಣ್ಣೆ ಪಿಸ್ಟನ್ನಿನ ಬೆನ್ನು ಹತ್ತಿಯೂ ಮುಟ್ಟುವುದಿಲ್ಲ. ಪಿಸ್ಟನ್ ಮೇಲೆ ನಿಧಾನವಾದಾಗ ಮತ್ತು ಇಳಿದು ಎದುರಾದಾಗ ಬಡಿಯುತ್ತದೆ. ಹಾಗಾಗಿ ಧಾರೆ ಚದುರದೆ ಒಂದೇ ಎಳೆಯಾಗಿ ಮೇಲಿನವರೆಗೂ ತಲುಪಬೇಕು.

ಪರೀಕ್ಷೆ

ಪಿಸ್ಟನ್ ಇಳಿಸುವಾಗ ರಾಡಿನ ದೊಡ್ಡ ತುದಿ ಕೊಳವೆಗೆ ತಗಲಿ ಬಾಗಿಸುವುದು ಅತಿ ಸಾಮಾನ್ಯ ಅನಾಹುತ. ರಾಡಿನ ಬೋಲ್ಟುಗಳಿಗೆ ರಬ್ಬರ್ ಕೊಳವೆ ತೊಡಿಸಿ, ಕೆಳಗಿನಿಂದ ಇನ್ನೊಬ್ಬರು ಹಿಡಿದು ದಾರಿ ತೋರಿಸಲಿ. ಕೂರಿಸಿದ ಮೇಲೆ ಗುರಿ ಮತ್ತೆ ನೋಡಿ.

ಸಂಪ್ (ತಳದ ಎಣ್ಣೆ ತೊಟ್ಟಿ) ಹಾಕುವ ಮುನ್ನ, ಆಯಿಲ್ ಪ್ರೆಶರ್ ಸ್ವಿಚ್ಚಿನ ತೂತಿಗೆ ಎಣ್ಣೆ ತುಂಬಿದ ಪ್ರೆಶರ್ ಪಾಟ್ (ಒತ್ತಡದಿಂದ ಎಣ್ಣೆ ತಳ್ಳುವ ಪಾತ್ರೆ) ಜೋಡಿಸಿ. 1 ಬಾರ್‌ನಲ್ಲಿ ಯಾವ ಜೆಟ್ಟೂ ಧಾರೆ ಬಿಡಬಾರದು. ಬಿಟ್ಟರೆ ಆ ಚೆಕ್ ವಾಲ್ವಿನಲ್ಲಿ ಚೂರು ಸಿಕ್ಕಿದೆ. ಅದೇ ಎಣ್ಣೆಯನ್ನು 60 ಡಿಗ್ರಿಗೆ ಬಿಸಿ ಮಾಡಿ 4 ಬಾರ್‌ಗೆ ಏರಿಸಿ, ಒಂದೊಂದು ಜೆಟ್ಟಿನ ಎಣ್ಣೆಯನ್ನು 30 ಸೆಕೆಂಡ್ ಅಳತೆ ಜಾಡಿಗೆ ಹಿಡಿಯಿರಿ. ನಾಲ್ಕರ ನಡುವಿನ ವ್ಯತ್ಯಾಸ ಶೇ. 10 ದಾಟಿದರೆ ಬಿಚ್ಚಿ ನೋಡಿ. ಕಟ್ಟಿಕೊಂಡ ಒಂದು ಜೆಟ್ ಇದ್ದರೆ ಅದೇ ಸಿಲಿಂಡರಿನ ಪಿಸ್ಟನ್ ಮೊದಲು ಗೀರುವುದು. ಸಂಪಿಗೆ ಸಿಲಿಕಾನ್ ಗ್ಯಾಸ್ಕೆಟ್ ಹಚ್ಚುವವರು ತೆಳ್ಳಗೆ ಹಚ್ಚಲಿ. ಒಳಕ್ಕೆ ಉಕ್ಕಿ ಕಿತ್ತ ಚೂರು ಪಂಪಿನ ಜಾಲರಿಯನ್ನು ಮುಚ್ಚುತ್ತದೆ.

ಪಿಸ್ಟನ್ನಿನಿಂದ ಎಳೆದ ಶಾಖ ಮಾಯವಾಗುವುದಿಲ್ಲ, ಎಣ್ಣೆಗೆ ಬರುತ್ತದೆ. ನಿಮಿಷಕ್ಕೆ 6 ಲೀಟರ್ ಎಣ್ಣೆ 20 ಡಿಗ್ರಿ ಬಿಸಿಯಾದರೂ ಅದು ಮೂರೂವರೆ ಕಿಲೋವ್ಯಾಟ್; ಆಯಿಲ್ ಕೂಲರ್ ಇಲ್ಲದೆ ಜೆಟ್ ಹಾಕಬೇಡಿ. ಸಿಲಿಂಡರ್ ಗೋಡೆಗೆ ಎಣ್ಣೆ ಹೆಚ್ಚು ಬೀಳುವುದರಿಂದ ಆಯಿಲ್ ರಿಂಗ್ ಸಡಿಲವಿದ್ದರೆ ನೀಲಿ ಹೊಗೆ ಬಂದೇ ಬರುತ್ತದೆ. ಮೊದಲ ಸ್ಟಾರ್ಟಿಗೆ ಮುಂಚೆ ಸ್ಪಾರ್ಕ್ ಪ್ಲಗ್ ತೆಗೆದು, ಗೇಜಿನಲ್ಲಿ ಒತ್ತಡ ಕಾಣುವ ತನಕ ಸ್ಟಾರ್ಟರ್ ತಿರುಗಿಸಿ. 20 ನಿಮಿಷ ಓಡಿಸಿದ ಮೇಲೆ ಫಿಲ್ಟರ್ ಬಿಚ್ಚಿ, ಕತ್ತರಿಸಿ, ಮಡಿಕೆಗಳ ನಡುವೆ ಲೋಹದ ಮಿಣುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.