ಟೆಂಡರ್ ಕರೆಯುವ ಮುಂಚಿನ ಕೆಲಸ: ನನ್ನ ಅನುಭವ

ಸರ್ಕಾರಿ ಖರೀದಿ ಅಂದರೆ ಎಲ್ಲರಿಗೂ ನೆನಪಾಗುವುದು ಟೆಂಡರ್. ಪೋರ್ಟಲ್‌ನಲ್ಲಿ ಪ್ರಕಟಣೆ, ಟೆಕ್ನಿಕಲ್ ಬಿಡ್, ಫೈನಾನ್ಷಿಯಲ್ ಬಿಡ್, ಕೊನೆಗೆ ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವರು, ಯಾರು ಅನ್ನುವ ಗುಸುಗುಸು. ಬೆಂಗಳೂರಿನ ಕಚೇರಿಯಲ್ಲಿ ಕೂತು ಜಿಲ್ಲಾ ಆಸ್ಪತ್ರೆಗಳಿಗೆ ಸಿಟಿ ಸ್ಕ್ಯಾನ್ ಯಂತ್ರ ಕೊಳ್ಳುವ ಕಡತ ನೋಡಿಕೊಂಡವಳು ನಾನು. ನನ್ನ ಲೆಕ್ಕದಲ್ಲಿ ಟೆಂಡರ್ ಈ ಕೆಲಸದ ಸಣ್ಣ ಭಾಗ. ಖರೀದಿ ಕೆಡುವುದಿದ್ದರೆ ಪ್ರಕಟಣೆ ಹೊರಡುವ ಮುಂಚೆಯೇ ಕೆಟ್ಟಿರುತ್ತದೆ.

ವೇಳಾಪಟ್ಟಿಯನ್ನು ನಾನು ಕೊನೆಯಿಂದ ಹಾಕುತ್ತೇನೆ. ಮೊದಲ ರೋಗಿಗೆ ಸ್ಕ್ಯಾನ್ ಆಗಬೇಕಾದ ದಿನ ಬರೆದುಕೊಂಡು ಹಿಂದಕ್ಕೆ ಬರುವುದು. ಲೈಸೆನ್ಸ್, ಅಳವಡಿಕೆ, ಸಾಗಣೆ, ಕಾರ್ಯಾದೇಶ, ಬಿಡ್ ಪರಿಶೀಲನೆ, ಬಿಡ್ ಹಾಕಲು ಕೊಡುವ ಸಮಯ, ಆರ್ಥಿಕ ಇಲಾಖೆಯ ಸಹಮತಿ. ಎಣಿಸಿ ನೋಡಿದರೆ ಕಡತ ಶುರುವಾಗಬೇಕಿದ್ದ ದಿನ ಎಷ್ಟೋ ಸಲ ಆಗಲೇ ಮುಗಿದಿರುತ್ತದೆ! ಸರ್ಕಾರಿ ಖರೀದಿಗೆಂದು ಇರುವ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯಡಿ 2000ರಲ್ಲಿ ಮಾಡಿದ ನಿಯಮಗಳಲ್ಲಿ, ಬಿಡ್ ಹಾಕಲು 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟಿದ್ದಕ್ಕೆ 60 ದಿನ ಅಂತ ಇತ್ತು. ಕಡಿಮೆ ಮಾಡಬೇಕಾದರೆ ಮೇಲಧಿಕಾರಿ ಕಾರಣ ಬರೆದು ಒಪ್ಪಬೇಕು. ಮಾರ್ಚ್ 31 ಹತ್ತಿರ ಬಂದಾಗ ಎಲ್ಲರ ಕಣ್ಣೂ ಈ ಸಾಲಿನ ಮೇಲೆಯೇ. ಅದೂ ಸಾಲದಿದ್ದರೆ ಅದೇ ಕಾಯ್ದೆಯ ಕಲಂ 4(ಜಿ) ವಿನಾಯಿತಿ, ಅಂದರೆ ಟೆಂಡರೇ ಬೇಡ. ವರ್ಷವಿಡೀ ಬೇಕು ಅಂತ ಗೊತ್ತಿದ್ದ ಯಂತ್ರಕ್ಕೆ ವಿನಾಯಿತಿ ಕೇಳುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಆಮೇಲೆ ಸ್ಪೆಸಿಫಿಕೇಶನ್, ಅಂದರೆ ಯಂತ್ರ ಹೇಗಿರಬೇಕು ಅನ್ನುವ ಪಟ್ಟಿ. ಆಸ್ಪತ್ರೆಯಿಂದ ಬರುವ ಪಟ್ಟಿ ಹಲವು ಸಲ ಯಾವುದೋ ಕಂಪನಿಯ ಬ್ರೋಷರಿನ ನಕಲು. ಒಂದರಲ್ಲಿ 'ಗ್ಯಾಂಟ್ರಿ ಬೋರ್ 78 ಸೆಂ.ಮೀ.' ಅಂತಿತ್ತು. ರೋಗಿ ಮಲಗಿ ಒಳಗೆ ಹೋಗುವ ಆ ದೊಡ್ಡ ಬಳೆಯ ಅಗಲ ಅದು. ರೇಡಿಯಾಲಜಿ ಡಾಕ್ಟರಿಗೆ ಫೋನ್ ಮಾಡಿ, "ಸರ್, 70 ಇದ್ದರೆ ಏನು ತೊಂದರೆ?" ಅಂದೆ. "ಏನಿಲ್ಲ ಮೇಡಂ, ಕಳಿಸಿದ ಪಟ್ಟೀಲಿ ಹಾಗೇ ಇತ್ತು" ಅಂದರು. '70 ಸೆಂ.ಮೀ. ಅಥವಾ ಜಾಸ್ತಿ' ಅಂತ ತಿದ್ದಿದೆವು. ಅಷ್ಟಕ್ಕೇ ಪೈಪೋಟಿ ಮಾಡಬಲ್ಲ ಕಂಪನಿಗಳು ಹೆಚ್ಚಾದವು. ಪ್ರತಿ ಸಾಲಿನ ಪಕ್ಕ 'ಇದು ಯಾಕೆ ಬೇಕು' ಅಂತ ಒಂದು ಕಾಲಂ ಇಟ್ಟೆ. ಉತ್ತರ ಬರದ ಸಾಲು ಹೊರಗೆ. ಆಡಿಟ್‌ನವರು ಕೇಳಿದಾಗಲೂ ಅದೇ ಹಾಳೆ ತೋರಿಸಬಹುದು.

ಟೆಂಡರಿಗೆ ಮುಂಚೆ ಕಂಪನಿಗಳ ಜೊತೆ ಮಾತಾಡಲು ನಮ್ಮಲ್ಲಿ ಬಹಳ ಹೆದರಿಕೆ. ಒಬ್ಬರನ್ನೇ ಕೋಣೆಗೆ ಕರೆದು ಮಾತಾಡಿದರೆ ತಪ್ಪು, ನಿಜ. ಬಹಿರಂಗವಾಗಿ ಪ್ರಕಟಿಸಿ, ಎಲ್ಲರನ್ನೂ ಕರೆದು, ನಡವಳಿ ಬರೆದಿಟ್ಟರೆ ಏನು ತಪ್ಪು? ಅಂಥ ಸಭೆಯಲ್ಲೇ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಮೇಡಂ, ನಿರ್ವಹಣೆಯಲ್ಲಿ ಟ್ಯೂಬ್ ಸೇರುತ್ತಾ, ಇಲ್ವಾ?"

ಇಡೀ ಖರೀದಿ ನಿಂತಿದ್ದು ಆ ಪ್ರಶ್ನೆಯ ಮೇಲೆ. ಸಿಟಿ ಯಂತ್ರದ ಎಕ್ಸ್-ರೇ ಟ್ಯೂಬ್ ಬಳಸುತ್ತಾ ಸವೆಯುತ್ತದೆ, ಹೊಸದಕ್ಕೆ ಲಕ್ಷಗಟ್ಟಲೆ ಬೇಕು. ಷರತ್ತಿನಲ್ಲಿ ಅದನ್ನು ಬಿಡಿಸಿ ಬರೆಯದಿದ್ದರೆ ಒಬ್ಬ ಸೇರಿಸಿ ದರ ಹಾಕುತ್ತಾನೆ, ಇನ್ನೊಬ್ಬ ಬಿಟ್ಟು ಹಾಕುತ್ತಾನೆ. ಬಿಟ್ಟವನೇ ಎಲ್1. ಯಾರದು ಕಡಿಮೆ ದರ ಅನ್ನುವುದನ್ನು ಟೆಂಡರ್ ದಾಖಲೆಯಲ್ಲಿ ಬರೆದ ಅಂಶಗಳ ಮೇಲೆಯೇ ತೀರ್ಮಾನಿಸಬೇಕು ಅನ್ನುತ್ತದೆ ಕಾಯ್ದೆ. ಬಿಡ್ ತೆರೆದ ಮೇಲೆ ಹೊಸ ಲೆಕ್ಕ ಹಾಕಿದರೆ ಮೇಲ್ಮನವಿ ಖಂಡಿತ. ಅದಕ್ಕೇ ಯಂತ್ರದ ಬೆಲೆ, ವಾರಂಟಿ ಮುಗಿದ ಮೇಲಿನ ಐದು ವರ್ಷದ ನಿರ್ವಹಣೆ, ಟ್ಯೂಬ್, ಯುಪಿಎಸ್ ಬ್ಯಾಟರಿ ಎಲ್ಲವನ್ನೂ ಒಂದೇ ದರಪಟ್ಟಿಯಲ್ಲಿ ತಂದೆವು. ಒಟ್ಟು ಮೊತ್ತದ ಮೇಲೆ ಹೋಲಿಕೆ. 95 ಶೇಕಡಾ ಸಮಯ ಯಂತ್ರ ಓಡಬೇಕು ಅಂತಲೂ ಹಾಕಿದೆವು. ಕೇಳಲು ಚೆನ್ನಾಗಿದೆ, ಆದರೆ ವರ್ಷಕ್ಕೆ 18 ದಿನ ನಿಂತರೂ ಅದು 95 ಶೇಕಡಾವೇ, ಅಲ್ವಾ? ಹಾಗಾಗಿ ಒಂದೇ ಸಲಕ್ಕೆ ಎಷ್ಟು ಹೊತ್ತು ನಿಲ್ಲಬಹುದು ಅಂತ ಬೇರೆ ಮಿತಿ, ದೂರು ದಾಖಲಾದ ಗಳಿಗೆಯಿಂದ ಎಣಿಕೆ.

ಎಲ್ಲ ಯಂತ್ರಗಳನ್ನೂ ಒಬ್ಬರಿಗೇ ಕೊಟ್ಟರೆ ದರ ಇಳಿಯುತ್ತದೆ. ಆದರೆ ಯಾದಗಿರಿಯಲ್ಲಿ ಯಂತ್ರ ಕೆಟ್ಟಾಗ ಇಂಜಿನಿಯರ್ ಬೆಂಗಳೂರಿನಿಂದ ಹೊರಡಬೇಕಾದರೆ ಆ ಉಳಿತಾಯ ಯಾರಿಗೆ ಬೇಕು? ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಹೀಗೆ ನಾಲ್ಕು ವಿಭಾಗಕ್ಕೆ ನಾಲ್ಕು ಪ್ಯಾಕೇಜ್ ಮಾಡಿ, ಪ್ರತಿಯೊಂದಕ್ಕೂ ಅಲ್ಲೇ ಸರ್ವೀಸ್ ವ್ಯವಸ್ಥೆ ಕಡ್ಡಾಯ ಮಾಡಿದೆವು.

ಜಾಸ್ತಿ ತಲೆನೋವು ಕೊಟ್ಟಿದ್ದು ಮಾತ್ರ ಆಸ್ಪತ್ರೆಯಲ್ಲಿ ಯಂತ್ರ ಇಡುವ ಕೊಠಡಿ. ಪತ್ರ ಬರೆದು ಕೇಳಿದರೆ 'ಕೊಠಡಿ ಲಭ್ಯವಿದೆ' ಅಂತ ಒಂದೇ ಸಾಲಿನ ಉತ್ತರ. ಹೋಗಿ ನೋಡಿದರೆ ಮುರಿದ ಮಂಚಗಳನ್ನು ಪೇರಿಸಿಟ್ಟ ಸ್ಟೋರ್ ರೂಮು. ಆಮೇಲೆ ಪತ್ರ ಬಿಟ್ಟು ನಮೂನೆ ಕಳಿಸಿದೆ. ಬಾಗಿಲ ಅಗಲ, ಮೂರು ಫೇಸ್ ಕರೆಂಟಿನ ಸಾಮರ್ಥ್ಯ, ಲಾರಿ ನಿಲ್ಲುವ ಜಾಗದಿಂದ ಕೊಠಡಿಯವರೆಗಿನ ದಾರಿ, ಜೊತೆಗೆ ಟೇಪ್ ಹಿಡಿದ ಫೋಟೊ. ಒಂದು ಕಡೆ ಪೋರ್ಟಿಕೋ ಎಷ್ಟು ತಗ್ಗಾಗಿತ್ತು ಅಂದರೆ ಯಂತ್ರದ ಲಾರಿ ಅದರಡಿ ಬರುವಂತೆಯೇ ಇರಲಿಲ್ಲ. ಅದು ಫೋಟೊದಲ್ಲೇ ಗೊತ್ತಾಯಿತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇಲ್ಲದೆ ಸಿಟಿ ಓಡಿಸುವಂತಿಲ್ಲ. ಗೋಡೆ, ಬಾಗಿಲ ಸೀಸದ ಹಾಳೆ, ವಿಕಿರಣ ಸುರಕ್ಷತಾ ಅಧಿಕಾರಿ ಎಲ್ಲ ಬೇಕು. ಹಾಗಾಗಿ ವಾರಂಟಿ ಶುರುವಾಗುವುದು ಯಂತ್ರ ಆಸ್ಪತ್ರೆಗೆ ಬಂದ ದಿನದಿಂದ ಅಲ್ಲ, ಅಳವಡಿಸಿ, ಪರೀಕ್ಷಿಸಿ, ಆಸ್ಪತ್ರೆಯವರು ಒಪ್ಪಿ ಸಹಿ ಹಾಕಿದ ದಿನದಿಂದ ಅಂತ ಬರೆದೆವು. ಕಂಪನಿಗಳು ಗೊಣಗಿದವು. ಕೊಠಡಿ ನಮ್ಮಿಂದ ತಡವಾದರೆ ಅವರ ಹಣದ ಒಂದು ಪಾಲು ಬಿಡುಗಡೆಯಾಗುತ್ತದೆ ಅಂತ ಸೇರಿಸಿದ ಮೇಲೆ ಸುಮ್ಮನಾದವು. ಅದು ನ್ಯಾಯವೂ ಹೌದು. ನಮ್ಮ ತಡಕ್ಕೆ ಅವರು ಬಡ್ಡಿ ಕಟ್ಟಬೇಕಾದರೆ ಮುಂದಿನ ಟೆಂಡರಿನಲ್ಲಿ ಆ ಬಡ್ಡಿ ದರದೊಳಗೇ ಕೂತಿರುತ್ತದೆ.

ಒಪ್ಪಂದಕ್ಕೆ ಸಹಿ ಬಿದ್ದ ವಾರದಲ್ಲೇ ಮುಂದಿನ ವರ್ಷಗಳ ನಿರ್ವಹಣಾ ವೆಚ್ಚದ ಪ್ರಸ್ತಾವನೆಯನ್ನು ಬಜೆಟ್ ಶಾಖೆಗೆ ಕಳಿಸಿದೆ. ಯಂತ್ರ ಮಿತಿ ಮೀರಿ ನಿಂತರೆ ದಂಡ ಲೆಕ್ಕ ಹಾಕುವುದು, ಬಿಲ್ ತಡೆಹಿಡಿಯುವುದು ಯಾರ ಹೊಣೆ ಅಂತ ವ್ಯಕ್ತಿಯ ಹೆಸರು ಹಾಕದೆ ಹುದ್ದೆಯ ಹೆಸರಲ್ಲಿ ಆದೇಶ ಮಾಡಿಸಿದೆ. ವರ್ಗಾವಣೆ ಯಾವಾಗ ಬೇಕಾದರೂ ಬರುತ್ತದೆ, ನಿರ್ವಹಣೆ ಒಪ್ಪಂದ ಮಾತ್ರ ವರ್ಷಗಟ್ಟಲೆ ನಡೆಯಬೇಕು.